ನುಣ್ಣನೆಯ ಬೆಟ್ಟದ ಚಿತ್ರ ಯಾರಿಗೆ ಬೇಕು?

ಮಲೆನಾಡಿನ ಯಾವುದೇ ಪ್ರಾಥಮಿಕ ಶಾಲೆಯ ಮಗುವಿನ ಕೈಗೆ ಬಿಳಿ ಹಾಳೆಯೊಂದನ್ನು ಕೊಟ್ಟು 'ಪ್ರಕೃತಿ ಚಿತ್ರ ಬರೆ' ಎಂದರೆ ಹಾಳೆಯ ಮೇಲೆ ಮೂಡುವುದೇನು? ಎರಡು ತ್ರಿಕೋನ ಬೆಟ್ಟಗಳು. ಅವುಗಳ ಸಂದಿಯಲ್ಲಿ ಕಿರಣ ಬೀರುವ ಅರ್ಧ ಸೂರ್ಯ. ಬೆಟ್ಟದ ಬುಡದಿಂದ ಹಾವಿನಂತೆ ಬಳುಕಿ ಬರುವ ನದಿ, ಅದರ ದಡದಲ್ಲೊಂದು ಗುಡಿಸಲು, ಗುಡಿಸಲಿನ ಪಕ್ಕ ಬಾಗಿದ ತೆಂಗಿನಮರ, ಆಕಾಶದಲ್ಲಿ ನಾಲ್ಕು ಹಕ್ಕಿ. ಇದೇ ಚಿತ್ರವನ್ನು ಬಯಲುಸೀಮೆಯ ಮಗುವೂ ಬರೆಯುತ್ತದೆ, ಕರಾವಳಿಯ ಮಗುವೂ ಬರೆಯುತ್ತದೆ. ತರಗತಿಯ ಕಿಟಕಿಯಾಚೆ ನಿಜವಾದ ಬೆಟ್ಟವೊಂದು ನಿಂತಿದೆ. ಅದು ತ್ರಿಕೋನವಾಗಿಲ್ಲ. ಅದರ ನೆತ್ತಿಯಲ್ಲಿ ಹುಲ್ಲಿದೆ, ಮಡಿಕೆಗಳಲ್ಲಿ ಕಾನು ಇದೆ, ಇಳಿಜಾರಿನಲ್ಲಿ ಸಾಲು ಹಿಡಿದು ನೆಟ್ಟ ಅಕೇಶಿಯಾ ಇದೆ, ರಸ್ತೆ ಅಗಲಿಸಲು ಕಡಿದ ಕಡೆ ಮಳೆಗಾಲದಲ್ಲಿ ಜರಿದ ಕೆಂಪು ಮಣ್ಣಿನ ಗಾಯವಿದೆ. ಇವಾವುವೂ ಹಾಳೆಗೆ ಇಳಿಯುವುದಿಲ್ಲ.

ಇದಕ್ಕೆ ಮಗುವನ್ನು ದೂರುವಂತಿಲ್ಲ. ಆ ಚಿತ್ರ ಮಗು ಕಂಡದ್ದಲ್ಲ, ಮಗುವಿಗೆ ಕಲಿಸಿದ್ದು. ಚಿತ್ರಕಲೆಯ ಹೆಸರಿನಲ್ಲಿ ಅದು ಕಲಿತದ್ದು ಎದುರಿಗಿರುವುದನ್ನು ನೋಡದಿರುವ ಅಭ್ಯಾಸವನ್ನು.

ಬೆಳೆದವರ ಲೋಕದಲ್ಲಿ ಈ ಅಭ್ಯಾಸ ದೊಡ್ಡ ವ್ಯಾಪಾರವಾಗಿ ಬೆಳೆದಿದೆ. ರೆಸಾರ್ಟುಗಳ ಗೋಡೆಗಳ ಮೇಲೆ, ಪ್ರವಾಸೋದ್ಯಮದ ಕರಪತ್ರಗಳಲ್ಲಿ, ಗಣಿ ಕಂಪನಿಗಳ ಹೊಸ ವರ್ಷದ ಕ್ಯಾಲೆಂಡರುಗಳಲ್ಲಿ ಮಂಜು ಮುಸುಕಿದ ಹಸಿರು ಬೆಟ್ಟಗಳ ಸಾಲು ಸಾಲು ಚಿತ್ರಗಳು ತೂಗುತ್ತಿವೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಹುಟ್ಟಿದ್ದು ಎಚ್ಚರಿಕೆಯ ಮಾತಾಗಿ. ಇಂದು ಅದೇ ಮಾತು ಬೆಟ್ಟವನ್ನು ಮಾರುವ ಸೂತ್ರವಾಗಿದೆ. ಹತ್ತಿರ ಹೋಗದೆ, ಹತ್ತಿದವರನ್ನು ಕೇಳದೆ, ನುಣ್ಣಗೆ ಕಾಣುವಷ್ಟು ದೂರದಲ್ಲಿ ನಿಂತು ಬರೆದ ಚಿತ್ರಕ್ಕೆ ಬೆಲೆ ಹೆಚ್ಚು.

ಇದೀಗ ಈ ಚಿತ್ರಕ್ಕೆ ಹೊಸ ಕೆಲಸವೊಂದನ್ನು ಹಚ್ಚಲಾಗಿದೆ. ಹವಾಮಾನ ಬದಲಾವಣೆಗೆ ಕಲೆಯೂ ಉತ್ತರ ಕೊಡಬೇಕೆಂಬ ಮಾತು ಜಗತ್ತಿನೆಲ್ಲೆಡೆ ಕೇಳಿಬರುತ್ತಿದೆ. ಜೂನ್ 5ರ ಪರಿಸರ ದಿನದಂದು ಚಿತ್ರಸ್ಪರ್ಧೆಗಳು ನಡೆಯುತ್ತವೆ, ನಗರಗಳಲ್ಲಿ ಪ್ರದರ್ಶನಗಳು ಏರ್ಪಡುತ್ತವೆ. ಇವುಗಳ ಹಿಂದಿನ ವಾದ ಸರಳ: ಪ್ರಕೃತಿಯ ಚೆಲುವನ್ನು ತೋರಿಸಿದರೆ ಜನ ಅದನ್ನು ಪ್ರೀತಿಸುತ್ತಾರೆ, ಪ್ರೀತಿಸಿದರೆ ಉಳಿಸುತ್ತಾರೆ. ಕೇಳಲು ಹಿತವಾದ ಈ ವಾದವನ್ನು ಚರಿತ್ರೆಯ ಮುಂದಿಟ್ಟು ಪರೀಕ್ಷಿಸಿದವರು ಕಡಿಮೆ. ಪರೀಕ್ಷಿಸಿದರೆ ಅದು ನಿಲ್ಲುವುದಿಲ್ಲ.

ಲಂಡನ್ನಿನ ಚೆಲುವಾದ ಹೊಗೆ

ಫ್ರಾನ್ಸಿನ ಚಿತ್ರಕಾರ ಕ್ಲಾದ್ ಮೊನೆ 1899ರಿಂದ 1901ರ ನಡುವೆ ಮೂರು ಬಾರಿ ಲಂಡನ್ನಿಗೆ ಹೋಗಿ ಥೇಮ್ಸ್ ನದಿಯ ದಡದ ಹೋಟೆಲೊಂದರಲ್ಲಿ ತಂಗಿದ. ನದಿಯ ಸೇತುವೆಗಳನ್ನೂ ಸಂಸತ್ ಭವನವನ್ನೂ ಮತ್ತೆ ಮತ್ತೆ ಬರೆದ. ನೂರರ ಸಮೀಪಕ್ಕೆ ಬಂದ ಆ ಚಿತ್ರಗಳಲ್ಲಿ ನೀಲಿ, ನೇರಳೆ, ಕಿತ್ತಳೆ ಬಣ್ಣಗಳ ಮುಸುಕಿನಲ್ಲಿ ಕಟ್ಟಡಗಳು ತೇಲುತ್ತವೆ. ಕಲಾಪ್ರೇಮಿಗಳು ಅದನ್ನು ಮಂಜೆಂದರು. ಅದು ಕೇವಲ ಮಂಜಾಗಿರಲಿಲ್ಲ. ಕಲ್ಲಿದ್ದಲು ಉರಿಸುವ ಲಕ್ಷಾಂತರ ಒಲೆಗಳ ಹಾಗೂ ಕಾರ್ಖಾನೆಗಳ ಹೊಗೆ ನದಿಯ ಮಂಜಿನೊಡನೆ ಬೆರೆತು ಆ ಮುಸುಕಾಗಿತ್ತು. 1900ರ ಮಾರ್ಚ್ ತಿಂಗಳಲ್ಲೊಂದು ಭಾನುವಾರ ಬೆಳಗ್ಗೆ ಎದ್ದಾಗ ಆಕಾಶ ತಿಳಿಯಾಗಿದ್ದುದನ್ನು ಕಂಡು ಮೊನೆ ಗಾಬರಿಗೊಂಡ. ಆಮೇಲೆ ಒಲೆಗಳು ಹೊತ್ತಿ ಹೊಗೆ ಮರಳಿದ ಮೇಲೆಯೇ ಅವನಿಗೆ ಸಮಾಧಾನವಾಯಿತು. ಇದನ್ನು ಅವನೇ ಹೆಂಡತಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ.

2023ರಲ್ಲಿ ಇಬ್ಬರು ವಾಯುಮಂಡಲ ವಿಜ್ಞಾನಿಗಳು ಟರ್ನರ್ ಮತ್ತು ಮೊನೆ ಎಂಬ ಇಬ್ಬರು ಚಿತ್ರಕಾರರ ಸುಮಾರು 100 ಕೃತಿಗಳನ್ನು ಗಣಕದಿಂದ ಅಳೆದು ನೋಡಿದರು. ಊರಿನ ಗಾಳಿಯಲ್ಲಿ ಗಂಧಕದ ಹೊಗೆ ಏರಿದಂತೆಲ್ಲ ಚಿತ್ರಗಳಲ್ಲಿ ಅಂಚುಗಳು ಮಸುಕಾಗಿ ಬಿಳಿಯ ಅಂಶ ಹೆಚ್ಚಿದ್ದುದು ಅವರಿಗೆ ಕಂಡುಬಂತು. ಹೊಸ ಶೈಲಿಯೆಂದು ಹೊಗಳಿಸಿಕೊಂಡದ್ದರಲ್ಲಿ ಒಂದು ಪಾಲು ಕೆಟ್ಟ ಗಾಳಿಯ ನಿಷ್ಠಾವಂತ ದಾಖಲೆಯಾಗಿತ್ತು.

ಚಿತ್ರಕಾರನ ಕಣ್ಣು ಸುಳ್ಳು ಹೇಳಲಿಲ್ಲ, ನಿಜ. ಆದರೆ ಆ ಚೆಲುವಿನಿಂದ ಲಂಡನ್ನಿನ ಗಾಳಿಗೆ ದೊರೆತದ್ದೇನು? ಚಿತ್ರಗಳು ಹೊಗಳಿಸಿಕೊಂಡವು, ಮಾರಾಟವಾದವು, ಸಂಗ್ರಹಾಲಯಗಳನ್ನು ಸೇರಿದವು. ಒಲೆಗಳು ಉರಿಯುತ್ತಲೇ ಇದ್ದವು. ಮೊನೆ ಲಂಡನ್ ಬಿಟ್ಟು ಅರ್ಧ ಶತಮಾನ ಕಳೆದ ಮೇಲೆ, 1952ರ ಡಿಸೆಂಬರ್ ತಿಂಗಳಲ್ಲಿ, ಅದೇ ಹೊಗೆಮಂಜು ಐದು ದಿನ ನಗರದ ಮೇಲೆ ಕವಿದು ಸಾವಿರಾರು ಜನರನ್ನು ಕೊಂದಿತು. ಅಂದಿನ ಲೆಕ್ಕದಲ್ಲಿ ಸತ್ತವರು 4,000. ಮುಂದಿನ ಅಂದಾಜುಗಳು ಇದಕ್ಕಿಂತ ಬಹಳ ಹೆಚ್ಚು. ಗಾಳಿಯನ್ನು ಶುದ್ಧಗೊಳಿಸುವ ಕಾನೂನು ಬಂದದ್ದು 1956ರಲ್ಲಿ. ಅದನ್ನು ತಂದದ್ದು ಹೆಣಗಳ ಲೆಕ್ಕ ಮತ್ತು ಜನರ ಒತ್ತಾಯ. ಹೊಗೆಯನ್ನು ಚೆಲುವಾಗಿಸಿದ ಚಿತ್ರ ಹೊಗೆಯನ್ನು ಸಹಿಸಿಕೊಳ್ಳಲು ಕಲಿಸಿತೇ ವಿನಾ ನಿಲ್ಲಿಸಲು ಕಲಿಸಲಿಲ್ಲ.

ಮಂಜಿನ ಬೆಟ್ಟದ ಚಿತ್ರವನ್ನು ಬೈಠಕ್ಕಿನಲ್ಲಿ ತೂಗುಹಾಕುವವರು ಇದನ್ನು ಯೋಚಿಸಬೇಕು. ಆ ಮಂಜಿನ ಒಳಗೆ ಕೊಳೆರೋಗದ ಔಷಧಿ ಸಿಂಪಡಿಸಲು ಎರಡು ದಿನದ ಬಿಸಿಲಿಗಾಗಿ ಕಾಯುವ ಬೆಳೆಗಾರನಿದ್ದಾನೆ. ಚಿತ್ರ ನೋಡುವವನಿಗೆ ಹಿತವಾದ ತೇವವೇ ಅವನ ಅಡಿಕೆಗೊನೆಯನ್ನು ಉದುರಿಸುತ್ತದೆ.

ಜನರನ್ನು ಅಳಿಸಿದ ಚೆಲುವು

ಚಿತ್ರವೇ ಕಾಡನ್ನು ಉಳಿಸಿತೆಂದು ಹೇಳುವವರು ತಪ್ಪದೆ ಎತ್ತುವ ಉದಾಹರಣೆ ಅಮೆರಿಕದ ಯೆಲ್ಲೋಸ್ಟೋನ್. 1871ರಲ್ಲಿ ಭೂವಿಜ್ಞಾನಿಗಳ ಸಮೀಕ್ಷಾ ತಂಡದೊಡನೆ ಹೋದ ಥಾಮಸ್ ಮೊರಾನ್ ಅಲ್ಲಿನ ಕಣಿವೆ, ಬಿಸಿನೀರ ಬುಗ್ಗೆಗಳನ್ನು ಜಲವರ್ಣದಲ್ಲಿ ಬರೆದು ತಂದ. ಆ ಚಿತ್ರಗಳೂ ಅದೇ ತಂಡದ ಛಾಯಾಚಿತ್ರಗಳೂ ರಾಜಧಾನಿಯಲ್ಲಿ ಕೈಯಿಂದ ಕೈಗೆ ಹೋದವು. 1872ರ ಮಾರ್ಚ್ 1ರಂದು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವಾಯಿತು. ಮೊರಾನ್ ಬರೆದ ಕಣಿವೆಯ ಬೃಹತ್ ಚಿತ್ರವನ್ನು ಅಮೆರಿಕದ ಸಂಸತ್ತು 10,000 ಡಾಲರಿಗೆ ಕೊಂಡಿತು. ಚಿತ್ರಕಲೆಯ ಶಕ್ತಿಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕೆ ಎಂದು ಕೇಳುತ್ತಾರೆ.

ಶಕ್ತಿ ಇದ್ದುದು ನಿಜ. ಆ ಶಕ್ತಿ ಯಾರ ಮೇಲೆ ಬಿತ್ತೆಂಬುದನ್ನೂ ಹೇಳಬೇಕು. ಆ ಬೆಟ್ಟಗಳಲ್ಲಿ ಕಾಡುಕುರಿ ಬೇಟೆಯಾಡಿ ಬದುಕುತ್ತಿದ್ದ ಶೊಶೋನಿ ಜನರಿದ್ದರು. ಕ್ರೋ, ಬ್ಯಾನಕ್ ಮೊದಲಾದ ಬುಡಕಟ್ಟುಗಳು ಋತುಮಾನಕ್ಕೆ ಅನುಗುಣವಾಗಿ ಬಂದುಹೋಗುತ್ತಿದ್ದವು. ಉದ್ಯಾನವಾದ ಕೆಲವೇ ವರ್ಷಗಳಲ್ಲಿ ಅವರನ್ನು ಅಲ್ಲಿಂದ ಹೊರಗಿಡಲಾಯಿತು. ಮನುಷ್ಯರಿಲ್ಲದ ಪವಿತ್ರ ಕಾಡೆಂಬ ಕಲ್ಪನೆಗೆ ಮೊದಲು ಬಣ್ಣ ಬಂತು, ಆಮೇಲೆ ಕಾನೂನು ಬಂತು, ಕೊನೆಗೆ ಕಾವಲು ಬಂತು. ನಾಗರಹೊಳೆಯ ಜೇನುಕುರುಬರಿಗೂ ಕುದುರೆಮುಖದ ತಪ್ಪಲಿನ ಕೃಷಿಕರಿಗೂ ಈ ಕಥೆಯ ಅರ್ಥವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಯಾವುದೇ ಬೆಟ್ಟದ ಚಿತ್ರದ ಮುಂದೆ ನಿಂತಾಗ ಕೇಳಬೇಕಾದ ಮೊದಲ ಪ್ರಶ್ನೆ 'ಎಷ್ಟು ಚೆಂದ?' ಎಂಬುದಲ್ಲ, 'ಇಲ್ಲಿದ್ದವರು ಎಲ್ಲಿ?' ಎಂಬುದು. ಎರಡನೆಯ ಪ್ರಶ್ನೆ ಹಣದ್ದು. ಟರ್ನರನ ಚಿತ್ರಗಳ ಅತಿ ದೊಡ್ಡ ಸಂಗ್ರಹವಿರುವ ಬ್ರಿಟನ್ನಿನ ಟೇಟ್ ಕಲಾಸಂಸ್ಥೆಗೆ 1990ರಿಂದ 2017ರವರೆಗೆ ಬಿಪಿ ಎಂಬ ತೈಲ ಕಂಪನಿ ಪ್ರಾಯೋಜಕನಾಗಿತ್ತು. ಕಲಾವಿದರೇ ವರ್ಷಗಟ್ಟಲೆ ಪ್ರತಿಭಟಿಸಿದರು. ಆಕಾಶವನ್ನು ಕೆಡಿಸುವ ಎಣ್ಣೆಯ ಹಣ ಆಕಾಶದ ಚಿತ್ರಕ್ಕೆ ಚೌಕಟ್ಟು ಹಾಕಿಸಿಕೊಡುವುದು ದಾನವಲ್ಲ, ಜಾಹೀರಾತು. ಮಲೆನಾಡಿನ ನದಿಯನ್ನು ತಿರುಗಿಸುವವರು, ಬೆಟ್ಟವನ್ನು ಸೀಳುವವರು ಮಕ್ಕಳ ಚಿತ್ರಸ್ಪರ್ಧೆಗೆ ಬಹುಮಾನ ಕೊಡಲು ಬಂದಾಗಲೂ ಇದನ್ನು ನೆನೆಯಬೇಕು.

ಸಾಕ್ಷಿ ಹೇಳುವ ಚಿತ್ರ

ಹಾಗಾದರೆ ಚಿತ್ರಕಲೆಯನ್ನು ಹೊಳೆಗೆ ಎಸೆಯಬೇಕೆ? ಖಂಡಿತ ಇಲ್ಲ. ಅಲಂಕಾರದ ಚಿತ್ರದಿಂದ ಆಗದ ಕೆಲಸವನ್ನು ಸಾಕ್ಷಿಯ ಚಿತ್ರ ಮಾಡಿದ ಉದಾಹರಣೆಗಳು ಕಣ್ಣಮುಂದಿವೆ.

ಹದಿನೆಂಟನೆಯ ಶತಮಾನದಲ್ಲಿ ವೆನಿಸ್ ನಗರವನ್ನು ಬರೆದ ಕ್ಯಾನಲೆಟ್ಟೋ ಮಸೂರವಿರುವ ಕತ್ತಲ ಪೆಟ್ಟಿಗೆಯ ನೆರವಿನಿಂದ ಅಳತೆ ತಪ್ಪದೆ ಬರೆಯುತ್ತಿದ್ದ. ಕಾಲುವೆಯ ಅಂಚಿನ ಮನೆಗಳ ಗೋಡೆಯಲ್ಲಿ ಪಾಚಿ ಎಲ್ಲಿಯವರೆಗೆ ಹಬ್ಬಿತ್ತೋ ಅಲ್ಲಿಯವರೆಗೆ ಹಸಿರು ಗೆರೆಯನ್ನೂ ಬಿಡದೆ ಬರೆದ. ಆ ಗೆರೆಯಲ್ಲಿ ಚೆಲುವೇನೂ ಇಲ್ಲ. ಆದರೆ ಡಾರಿಯೊ ಕಮುಫೊ ಎಂಬ ವಿಜ್ಞಾನಿ ಚಿತ್ರದ ಪಾಚಿಗೆರೆಯನ್ನು ಅದೇ ಗೋಡೆಗಳ ಇಂದಿನ ಪಾಚಿಗೆರೆಯೊಡನೆ ಹೋಲಿಸಿ, ನಗರ ನೀರಿಗೆ ಸುಮಾರು 60 ಸೆಂಟಿಮೀಟರ್ ಇಳಿದಿದೆಯೆಂದು ಲೆಕ್ಕ ಹಾಕಿದ. ಸಮುದ್ರ ಏರಿದ್ದೂ ನೆಲ ಕುಸಿದದ್ದೂ ಎರಡೂ ಆ ಅಳತೆಯಲ್ಲಿ ಸೇರಿವೆ. ಮಾಪಕಗಳಿಲ್ಲದ ಕಾಲಕ್ಕೆ ಪಾಚಿಯ ಗೆರೆಯೇ ಮಾಪಕವಾಯಿತು. ಹಾಗೆಯೇ ಆಲ್ಪ್ಸ್ ಪರ್ವತದ ಹಿಮನದಿಗಳನ್ನು 1770ರ ದಶಕದಲ್ಲಿ ಬೆಟ್ಟ ಹತ್ತಿ, ಕಂಡಲ್ಲೇ ಬರೆದುಕೊಂಡು ಬಂದ ಕಾಸ್ಪರ್ ವೊಲ್ಫ್ ಎಂಬಾತನ ಚಿತ್ರಗಳು, ಹಿಮ ಆಗ ಎಲ್ಲಿಯವರೆಗೆ ಚಾಚಿತ್ತು, ಈಗ ಎಷ್ಟು ಹಿಂದೆ ಸರಿದಿದೆ ಎಂಬುದನ್ನು ಗುರುತಿಸಲು ಹಿಮ ವಿಜ್ಞಾನಿಗಳಿಗೆ ಇಂದೂ ಉಪಯೋಗಕ್ಕೆ ಬರುತ್ತಿವೆ.

ಇವರಿಬ್ಬರಿಗಿಂತ ಕೃಷಿಕರಿಗೆ ಹತ್ತಿರದವನು ಇಂಗ್ಲೆಂಡಿನ ಜಾನ್ ಕಾನ್‌ಸ್ಟಬಲ್. ಧಾನ್ಯದ ವ್ಯಾಪಾರಿ, ಗಿರಣಿಗಳ ಒಡೆಯನ ಮಗ. ಎಳವೆಯಲ್ಲಿ ಸ್ವಲ್ಪ ಕಾಲ ಗಾಳಿಗಿರಣಿಯಲ್ಲಿ ದುಡಿದವನು. ಗಾಳಿಯ ದಿಕ್ಕು ತಪ್ಪಾಗಿ ಓದಿದರೆ ಗಿರಣಿಗೆ ಪೆಟ್ಟು ಬೀಳುತ್ತದೆಂಬುದು ಅವನಿಗೆ ಹೊಟ್ಟೆಪಾಡಿನಿಂದ ಗೊತ್ತಿತ್ತು. 1821 ಮತ್ತು 1822ರಲ್ಲಿ ಲಂಡನ್ ಸಮೀಪದ ಹ್ಯಾಂಪ್‌ಸ್ಟೆಡ್ ಗುಡ್ಡದ ಮೇಲೆ ಕುಳಿತು ಅವನು ಮೋಡಗಳನ್ನಷ್ಟೇ ಬರೆದ ಹತ್ತಾರು ಹಾಳೆಗಳಿವೆ. ಅವುಗಳಲ್ಲಿ ಹಲವು ಹಾಳೆಗಳ ಹಿಂಬದಿಯಲ್ಲಿ ದಿನಾಂಕ, ಗಂಟೆ, ಗಾಳಿಯ ದಿಕ್ಕು, ಆ ದಿನದ ಹವೆ ಬರೆದಿಟ್ಟಿದ್ದಾನೆ. ಮುಂಬದಿಯಲ್ಲಿ ಚಿತ್ರ, ಹಿಂಬದಿಯಲ್ಲಿ ಲೆಕ್ಕ. ಹವಾಮಾನ ಬದಲಾವಣೆಗೆ ಚಿತ್ರಕಲೆ ಕೊಡಬಹುದಾದ ಉತ್ತರದ ಬೀಜ ಆ ಹಿಂಬದಿಯಲ್ಲಿದೆ. ಯಾವ ಜಾಗ, ಯಾವ ದಿನ, ಯಾವ ಹೊತ್ತು ಎಂಬುದಿಲ್ಲದ ಬೆಟ್ಟದ ಚಿತ್ರ ಕೇವಲ ಭಾವನೆ. ಇವು ಮೂರೂ ಇದ್ದರೆ ಅದು ಪುರಾವೆ.

ಮರವೇ ಬೆಟ್ಟದ ಹೆಸರು ಕದ್ದಾಗ

ಕನ್ನಡ ನಾಡಿಗೂ ಇಂತಹ ಕಣ್ಣೊಂದಿತ್ತು. ಮೈಸೂರಿನ ಕೆ. ವೆಂಕಟಪ್ಪ (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತು ಬಂದವರು. ಅವರ ಊಟಿಯ ಜಲವರ್ಣ ಚಿತ್ರಗಳು ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯಲ್ಲಿವೆ. ಸಣ್ಣ ಅಳತೆಯ ಆ ಹಾಳೆಗಳಲ್ಲಿ ಬೆಟ್ಟದ ಮೇಲಿನ ಬೆಳಕು, ಮೋಡ, ಮಂಜುಗಳನ್ನು ಅವರು ಅವಸರವಿಲ್ಲದ ತಾಳ್ಮೆಯಿಂದ ಹಿಡಿದಿದ್ದಾರೆ. ಬೆಂಗಳೂರಿಗೆ ಹೋಗುವ ವಿದ್ಯಾರ್ಥಿಗಳು ಅವನ್ನು ನೋಡಬೇಕು. ನೋಡುವಾಗ ಆ ಬೆಟ್ಟಗಳಿಗೆ ಏನಾಯಿತೆಂಬುದನ್ನೂ ತಿಳಿದಿರಬೇಕು.

ನೀಲಗಿರಿಯ ಎತ್ತರದ ನೆಲದ ನಿಜವಾದ ಹೊದಿಕೆ ಹುಲ್ಲು ಮತ್ತು ಶೋಲೆ. ಹುಲ್ಲುಗಾವಲು ಮಳೆಯನ್ನು ಹೀರಿ ನಿಧಾನವಾಗಿ ತೊರೆಗೆ ಬಿಡುತ್ತದೆ. ಅಲ್ಲಿಯೇ ತೋಡರ ಎಮ್ಮೆಗಳು ಮೇಯುತ್ತಿದ್ದವು. ಬ್ರಿಟಿಷರು ಅದನ್ನು ಬರಿದೆ ಬಿದ್ದ ಭೂಮಿಯೆಂದು ಬಗೆದರು. ಆಸ್ಟ್ರೇಲಿಯಾದ ಮರಗಳು ಬಂದವು. ಮೊದಲು ಸೌದೆಗಾಗಿ, ಆಮೇಲೆ ಚರ್ಮ ಹದಮಾಡುವ ತೊಗಟೆಗಾಗಿ, ಮತ್ತೆ ಕಾರ್ಖಾನೆಗಳ ತಿರುಳಿಗಾಗಿ. ಸ್ವಾತಂತ್ರ್ಯ ಬಂದ ಮೇಲೂ ನೆಡುವುದು ನಿಲ್ಲಲಿಲ್ಲ. ಹುಲ್ಲುಗಾವಲಿನ ಬಹುಪಾಲು ಅಳಿಯಿತು. ಕನ್ನಡಿಗರು ಆ ಹೊರಗಿನ ಮರಕ್ಕೆ ಇಟ್ಟ ಹೆಸರೇ ನೀಲಗಿರಿ. ಮರ ಬೆಟ್ಟವನ್ನು ಮುಚ್ಚಿದ್ದಲ್ಲದೆ ಅದರ ಹೆಸರನ್ನೂ ಕಿತ್ತುಕೊಂಡಿತು.

ಇಲ್ಲಿಯೇ ಕಣ್ಣಿನ ಪ್ರಶ್ನೆ ಬರುವುದು. ದೂರದಿಂದ ನೋಡಿದರೆ ಕಾನೂ ಹಸಿರು, ಅಕೇಶಿಯಾ ತೋಪೂ ಹಸಿರು, ಚಹಾ ತೋಟವೂ ಹಸಿರು. ಒಂದೇ ಹಸಿರಿನ ಡಬ್ಬಿಯಲ್ಲಿ ಕುಂಚ ಅದ್ದುವವನಿಗೆ ಮೂರೂ ಒಂದೇ. ಅರಣ್ಯ ಹೆಚ್ಚಿದೆಯೆಂದು ಅಂಕಿ ಹೇಳುವ ಕಚೇರಿಗೂ ಮೂರೂ ಒಂದೇ ಆಗಿಬಿಡುವ ಅಪಾಯವಿದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಮೀಪದ ಸಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದರು. ಅವರ ತಕರಾರಿನ ತಿರುಳು ಇದೇ: ಸಹಜ ಕಾಡು ಮತ್ತು ನೆಡುತೋಪು ಒಂದಲ್ಲ. ಸೊಪ್ಪು ತರುವ, ಮುರುಗಲು, ಉಪ್ಪಾಗೆ ಆಯುವ, ಬೇಸಿಗೆಯಲ್ಲಿ ಒರತೆ ಹುಡುಕುವ ಕಣ್ಣಿಗೆ ಹಸಿರಿನಲ್ಲಿ ಹತ್ತು ಬಗೆ ಕಾಣುತ್ತದೆ. ಆ ಹತ್ತು ಬಗೆಯನ್ನು ಬರೆಯಲು ಬಾರದ ಚಿತ್ರಕಲೆ ಮಲೆನಾಡಿನದಲ್ಲ.

ಕ್ಷಿತಿಜವಿಲ್ಲದ ಚಿತ್ರ

ಭೂದೃಶ್ಯವೆಂದರೆ ಪಶ್ಚಿಮದಿಂದ ಬಂದ ಚೌಕಟ್ಟಿನ ಚಿತ್ರ ಮಾತ್ರವೇ? ಸಾಗರ, ಸೊರಬ ಸೀಮೆಯ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರಕ್ಕೆ ಕ್ಷಿತಿಜವಿಲ್ಲ, ದೂರವಿಲ್ಲ, ನಿಂತು ನೋಡುವ ಪ್ರವಾಸಿಯ ಜಾಗವೂ ಇಲ್ಲ. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅರೆದ ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆಕಾಯಿಯ ಹಳದಿ. ಬರೆಯಲು ಪುಂಡಿನಾರಿನ ಕುಂಚ. ಆ ಚಿತ್ತಾರ ಪ್ರಕೃತಿಯ ಕುರಿತು ಬರೆದದ್ದಷ್ಟೇ ಅಲ್ಲ, ಪ್ರಕೃತಿಯಿಂದಲೇ ಬರೆದದ್ದು. ಆಶ್ವಯುಜದ ಭೂಮಿ ಹುಣ್ಣಿಮೆಗೆ ಅದೇ ಕೈಗಳು ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತವೆ. ಬಗೆಬಗೆಯ ಸೊಪ್ಪು ಕೂಡಿಸಿ ಬೇಯಿಸಿದ ಚರಗವನ್ನು ಆ ಬುಟ್ಟಿಯಲ್ಲಿ ಹೊತ್ತು, ಹೊಡೆ ತುಂಬಿದ ಭತ್ತದ ಗದ್ದೆಗೆ ಬಸುರಿಯ ಬಯಕೆ ತೀರಿಸುವಂತೆ ಬಡಿಸುತ್ತಾರೆ.

ಹವಾಮಾನಕ್ಕೂ ಚಿತ್ರಕ್ಕೂ ಇರುವ ಸಂಬಂಧ ಇದಕ್ಕಿಂತ ಬಿಗಿಯಾಗಿ ಬೇರೆಲ್ಲಿ ಕಂಡೀತು? ಮಳೆ ಮುಂಚಿನ ಲೆಕ್ಕ ತಪ್ಪುತ್ತಿದೆ. ಆರಿದ್ರೆಯಲ್ಲಿ ಬರಬೇಕಾದದ್ದು ಬಾರದೆ, ಬಂದರೆ ವಾರದ ಮಳೆ ಒಂದೇ ದಿನ ಸುರಿದು, ಕೊಯ್ಲಿನ ಹೊತ್ತಿಗೆ ಮತ್ತೆ ಹನಿಯುವುದು ಬೆಳೆಗಾರರ ಅನುಭವವಾಗಿದೆ. ಭತ್ತ ಗಿಟ್ಟದೆ ಗದ್ದೆಗಳು ಅಡಿಕೆ ತೋಟವಾಗುತ್ತಿವೆ ಅಥವಾ ಹಾಳು ಬೀಳುತ್ತಿವೆ. ಗದ್ದೆ ಹೋದರೆ ಕಣಿವೆಯಲ್ಲಿ ಮಳೆನೀರು ನಿಂತು ಇಂಗುವ ಜಾಗ ಹೋಗುತ್ತದೆ. ಗದ್ದೆ ಹೋದರೆ ಭೂಮಿ ಹುಣ್ಣಿಮೆಗೆ ಬಡಿಸಲು ಬಸುರಿ ಪೈರು ಇರುವುದಿಲ್ಲ. ಚಿತ್ತಾರಕ್ಕೆ ಅಂಗಡಿಯ ಅಕ್ಕಿ, ಅಂಗಡಿಯ ಬಣ್ಣ ಬರುತ್ತದೆ. ಬುಟ್ಟಿ ಕರಕುಶಲ ಮಳಿಗೆಯ ಗಾಜಿನ ಹಿಂದೆ ಕೂರುತ್ತದೆ. ಆಗ ಅದನ್ನು 'ಉಳಿಸಲಾಗಿದೆ' ಎಂದು ವರದಿ ಬರೆಯಲಾಗುತ್ತದೆ. ಗದ್ದೆಯನ್ನು ಕಳೆದುಕೊಂಡು ಬುಟ್ಟಿಯನ್ನು ಉಳಿಸುವುದು ಉಳಿಸುವುದಲ್ಲ.

ಎರಡು ಆಕ್ಷೇಪಗಳು

ಮೊದಲ ಆಕ್ಷೇಪ: ಉಪಗ್ರಹವಿದೆ, ಮೊಬೈಲ್ ಕ್ಯಾಮೆರಾ ಇದೆ, ಕೈಯಿಂದ ಬರೆದ ಚಿತ್ರವೇಕೆ? ಉಪಗ್ರಹ ಬೇಕು, ಅದರ ಕೆಲಸ ಅದು ಮಾಡಲಿ. ಆದರೆ ಮೊಬೈಲಿನಲ್ಲಿ ಹಿಡಿಯುವವನು ಕ್ಷಣ ಮಾತ್ರ ನೋಡುತ್ತಾನೆ. ಬರೆಯುವವನು ಒಂದು ಗಂಟೆ ನೋಡಲೇಬೇಕು. ಒಂದು ಗಂಟೆ ನೋಡಿದವನಿಗೆ ಗುಡ್ಡದ ನೆತ್ತಿಯಲ್ಲಿ ಕೂದಲೆಳೆಯಂತಹ ಬಿರುಕು ಕಾಣುತ್ತದೆ, ಓರೆಯಾದ ಮರ ಕಾಣುತ್ತದೆ, ಎಂದೂ ಇಲ್ಲದ ಕಡೆ ಕೆಸರು ನೀರು ಒಸರುವುದು ಕಾಣುತ್ತದೆ. ಇವು ಭೂಕುಸಿತದ ಮುನ್ಸೂಚನೆಗಳೆಂದು ವಿಜ್ಞಾನ ಹೇಳುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜರಿದವು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಗಂಗಾವಳಿ ನದಿಗೆ ಬಿತ್ತು. ಎರಡೇ ವಾರದಲ್ಲಿ, ಜುಲೈ 30ರಂದು, ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ 250ಕ್ಕೂ ಹೆಚ್ಚು ಜನ ಮಣ್ಣಿನಡಿ ಸೇರಿದರು. ವಯನಾಡಿನ ಆ ದಿನದ ಮಳೆಯನ್ನು ಹವಾಮಾನ ಬದಲಾವಣೆ ಸುಮಾರು ಶೇ. 10ರಷ್ಟು ಬಿರುಸುಗೊಳಿಸಿತ್ತೆಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಸುಮಾರು ಶೇ. 7ರಷ್ಟು ಹೆಚ್ಚು ಆವಿಯನ್ನು ಹಿಡಿಯಬಲ್ಲದು; ಹಿಡಿದದ್ದನ್ನು ಎಲ್ಲೋ ಸುರಿಯಲೇಬೇಕು. ಆ ಸುರಿತಕ್ಕೆ ಸಿಕ್ಕುವ ಗುಡ್ಡ ಕಡಿದ ಗುಡ್ಡವೋ ಇಡಿಯ ಗುಡ್ಡವೋ ಎಂಬುದು ಊರಿನ ಜನರ ಕಣ್ಣಿಗೆ ಸೇರಿದ ವಿಷಯ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಎಲೆಚುಕ್ಕಿ ರೋಗದಿಂದ ತೋಟ ಕಳೆದುಕೊಂಡವನಿಗೆ ಚಿತ್ರವೇನು ಕೊಟ್ಟೀತು? ಅವನಿಗೆ ಪರಿಹಾರ ಬೇಕು, ಸಂಶೋಧನೆ ಬೇಕು, ಸಾಲಕ್ಕೆ ಗಡುವು ಬೇಕು. ಹೌದು, ಚಿತ್ರ ಇವುಗಳಿಗೆ ಬದಲಿಯಲ್ಲ. ಬದಲಿಯೆಂದು ತೋರಿಸುವವರನ್ನೇ ಈ ಲೇಖನ ವಿರೋಧಿಸುತ್ತಿರುವುದು. ಇಂಗಾಲದ ಹೊಗೆಯನ್ನು ತಗ್ಗಿಸುವ ಹೊಣೆ ಅದನ್ನು ಉಗುಳಿದವರದು. ಶಾಲೆಯ ಮಗುವಿನ ಬಣ್ಣದ ಪೆಟ್ಟಿಗೆಯ ಮೇಲೆ ಆ ಹೊಣೆಯನ್ನು ಹೇರುವುದು ವಂಚನೆ. ಆದರೆ ಪರಿಹಾರ ಕೇಳಲು ಹೋದವನ ಮುಂದೆ ಅಧಿಕಾರಿ ಇಡುವ ಮೊದಲ ಪ್ರಶ್ನೆ 'ದಾಖಲೆ ಏನಿದೆ?' ಎಂಬುದು. ಹತ್ತು ವರ್ಷದ ಹಿಂದೆ ಈ ಹಳ್ಳ ಎಪ್ರಿಲ್‌ವರೆಗೂ ಹರಿಯುತ್ತಿತ್ತು, ಈ ಗುಡ್ಡದಲ್ಲಿ ಕಾನಿತ್ತು, ಈ ಗದ್ದೆಯಲ್ಲಿ ಎರಡು ಬೆಳೆಯಿತ್ತು ಎಂದು ಬಾಯಲ್ಲಿ ಹೇಳಿದರೆ ಅದು ಹಳಬರ ಹಳಹಳಿಕೆಯೆನಿಸುತ್ತದೆ. ಬೆಟ್ಟದ ಬದುಕಿಗೆ ದಾಖಲೆಯಿಲ್ಲದಿರುವುದು ಬೆಟ್ಟವನ್ನು ಕಡಿಯುವವರಿಗೆ ಅನುಕೂಲ.

ಆಗಬೇಕಾದದ್ದು

ಆದ್ದರಿಂದ ಬೇಡಿಕೆಗಳು ಸ್ಪಷ್ಟವಾಗಿರಲಿ. ಮಲೆನಾಡಿನ ಶಾಲೆಗಳು ತ್ರಿಕೋನ ಬೆಟ್ಟದ ಚಿತ್ರಕ್ಕೆ ಅಂಕ ಕೊಡುವುದನ್ನು ನಿಲ್ಲಿಸಲಿ. ಪ್ರತಿ ಶಾಲೆಯೂ ತನ್ನ ಊರಿನ ಒಂದು ಜಾಗವನ್ನು ಆರಿಸಿಕೊಳ್ಳಲಿ: ಒಂದು ಗುಡ್ಡದ ಇಳಿಜಾರು, ಒಂದು ಹಳ್ಳದ ತಿರುವು, ಒಂದು ಗದ್ದೆಬಯಲು. ವರ್ಷಕ್ಕೆ ನಾಲ್ಕು ಬಾರಿ, ಅದೇ ಕಲ್ಲಿನ ಮೇಲೆ ಕುಳಿತು ಅದೇ ದಿಕ್ಕಿಗೆ ಮುಖಮಾಡಿ ಮಕ್ಕಳು ಬರೆಯಲಿ: ಮೊದಲ ಮಳೆಗೆ ಮುಂಚೆ, ಮಳೆಯ ನಡುವೆ, ಭೂಮಿ ಹುಣ್ಣಿಮೆಯ ಹೊತ್ತಿಗೆ, ಶಿವರಾತ್ರಿಯ ಸುತ್ತ. ಹಾಳೆಯ ಹಿಂದೆ ದಿನಾಂಕ, ಹೊತ್ತು, ಮಳೆಯ ನಕ್ಷತ್ರ, ಗಾಳಿಯ ದಿಕ್ಕು, ಹೂ ಬಿಟ್ಟ ಮರದ ಹೆಸರು, ಹಳ್ಳದಲ್ಲಿ ನೀರು ಮೊಣಕಾಲಿಗೋ ಪಾದಕ್ಕೋ ಎಂಬುದನ್ನು ಬರೆಯಲಿ. ಮೊಬೈಲ್ ಗೋಪುರ ಕಂಡರೆ ಗೋಪುರವನ್ನು, ಕಸ ಕಂಡರೆ ಕಸವನ್ನು, ಜರಿದ ಮಣ್ಣು ಕಂಡರೆ ಕೆಂಪನ್ನು ಬರೆಯಲಿ. ಅಂದಗಾಣಿಸಲು ಏನನ್ನೂ ಅಳಿಸಬಾರದು, ಗದ್ದೆಯಲ್ಲಿ ಬಾಗಿದ ಹೆಂಗಸನ್ನಂತೂ ಅಳಿಸಲೇಬಾರದು.

ಆ ಹಾಳೆಗಳು ಬಹುಮಾನಕ್ಕೆ ನಗರಕ್ಕೆ ಹೋಗದೆ ಊರಿನಲ್ಲೇ ಉಳಿಯಲಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಮಾಡಬೇಕು. ಎಷ್ಟೋ ಕಡೆ ಅದು ಗುತ್ತಿಗೆಯಲ್ಲಿ ತುಂಬಿಸಿದ ಪಟ್ಟಿಯಾಗಿ ಕಪಾಟಿನಲ್ಲಿದೆ. ಮಕ್ಕಳ ಚಿತ್ರಗಳು ಆ ದಾಖಲಾತಿಯ ಭಾಗವಾಗಲಿ. ಕಲ್ಲುಕ್ವಾರಿಗೋ ರಸ್ತೆಗೋ ಹೊಸ ರೆಸಾರ್ಟಿಗೋ ಅನುಮತಿ ಕೇಳಿ ಅರ್ಜಿ ಬಂದ ದಿನ ಅವನ್ನು ಗ್ರಾಮಸಭೆಯ ಮೇಜಿನ ಮೇಲೆ ಹರಡಲಿ. ಗಣಿ, ಅಣೆಕಟ್ಟು, ತೈಲದ ಹಣದಿಂದ ನಡೆಯುವ ಪರಿಸರ ಚಿತ್ರಸ್ಪರ್ಧೆಗಳಿಗೆ ಶಾಲೆಗಳು ಮಕ್ಕಳನ್ನು ಕಳಿಸದಿರಲಿ.

ಇದಕ್ಕೆ ಅನುದಾನ ಬೇಕಿಲ್ಲ. ನಾಲ್ಕು ಹಾಳೆ, ಒಂದು ಪೆನ್ಸಿಲ್, ಬಣ್ಣ ಬೇಕೆಂದರೆ ಕೆಮ್ಮಣ್ಣು, ಗುರಿಗೆಕಾಯಿ, ಇದ್ದಿಲು ಸಾಕು. ಬೇಕಾದದ್ದು ಮಕ್ಕಳನ್ನು ಒಂದು ಗಂಟೆ ತರಗತಿಯಿಂದ ಹೊರಗೆ ಕರೆದೊಯ್ಯುವ ಶಿಕ್ಷಕರು ಮತ್ತು ಈ ಮರ ಯಾವುದು, ಆ ಒರತೆ ಯಾವಾಗ ಬತ್ತಿತು ಎಂದು ಕೇಳಿದಾಗ ಉತ್ತರ ಹೇಳುವ ಹಿರಿಯರು. ಇಬ್ಬರೂ ಪ್ರತಿ ಊರಿನಲ್ಲಿದ್ದಾರೆ. ಮುಂದಿನ ಮೃಗಶಿರಾ ಮಳೆ ಹಿಡಿಯುವ ಮುನ್ನ ಮೊದಲ ಹಾಳೆ ಸಿದ್ಧವಾಗಲಿ.